ಸೈನಿಕನ ಸಂಬಳಕ್ಕೆ ಕಾವಲುಂಟು, ಸಂಸಾರಕ್ಕೆ?

ಫೌಜಿನವನ ಮನೆಗೆ ಜಪ್ತಿ ಬರುವುದಿಲ್ಲ ಎಂಬ ಮಾತು ಗಡಿಭಾಗದ ಹಳ್ಳಿಗಳಲ್ಲಿ ಬಹುಕಾಲದಿಂದ ರೂಢವಾಗಿದೆ. ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. ಜತ್ತ, ಅಕ್ಕಲಕೋಟ, ಸೊಲ್ಲಾಪುರಗಳ ಕಡೆಯ ಕನ್ನಡ ಮನೆಗಳ ತರುಣರಿಗೆ ಆ ದಾರಿ ಹೊಸದಲ್ಲ. ಮಳೆ ಕೈಕೊಟ್ಟ ವರ್ಷವೂ ತಿಂಗಳು ತಪ್ಪದೆ ಮನೆಗೆ ಬರುವ ಹಣವೆಂದರೆ ಸೈನಿಕನ ಸಂಬಳ. ಆ ಕಾರಣದಿಂದಲೇ ಪತಸಂಸ್ಥೆಯಿಂದ ಹಿಡಿದು ಓಣಿಯ ಸಾವುಕಾರನವರೆಗೆ ಎಲ್ಲರೂ ಅಂಥ ಮನೆಗೆ ಸಾಲ ಕೊಡಲು ಮುಂದಾಗುತ್ತಾರೆ. ಕೊಡುವವನು ಸಂಬಳವನ್ನು ನಂಬಿ ಕೊಡುತ್ತಾನೆ. ಪಡೆಯುವವರು ಜಪ್ತಿಯಿಲ್ಲವೆಂಬ ಮಾತನ್ನು ನಂಬಿ ಪಡೆಯುತ್ತಾರೆ. ಎರಡು ನಂಬಿಕೆಗಳೂ ಅರ್ಧ ಮಾತ್ರ ನಿಜ.

ಕಾನೂನು ಕಾಯುವುದು ಸೈನಿಕನ ಸಂಬಳವನ್ನು, ಅವನ ದೇಹವನ್ನು ಮತ್ತು ಅವನ ಶಸ್ತ್ರಸಾಮಗ್ರಿಯನ್ನು. ಅವನ ಮನೆಯನ್ನು, ಹೆಂಡತಿಯ ಅಂಗಡಿಯನ್ನು, ಜಾಮೀನು ಪತ್ರದ ಮೇಲಿನ ಅವನ ಸಹಿಯನ್ನು ಅದು ಕಾಯುವುದಿಲ್ಲ. ಗಂಡ ಲಡಾಖಿನಲ್ಲೋ ಅರುಣಾಚಲದಲ್ಲೋ ಕಾವಲಿನಲ್ಲಿರುವಾಗ ಹೆಂಡತಿ ಊರಿನಲ್ಲಿ ನಡೆಸುತ್ತಿದ್ದ ವ್ಯವಹಾರ ಮುಳುಗಿ ಅವಳು ದಿವಾಳಿಯಾದರೆ ಆ ಕುಟುಂಬದ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ಬಲ್ಲವರು ವಿರಳ. ತಿಳಿಯುವ ಹೊತ್ತಿಗೆ ಸಾಮಾನ್ಯವಾಗಿ ನೋಟೀಸು ಬಾಗಿಲಿಗೆ ಬಂದಿರುತ್ತದೆ.

ಸಪ್ತಪದಿಯಿಂದ ಸಾಲ ಒಂದಾಗುವುದಿಲ್ಲ

ಮೊದಲು ಮೂಲ ನಿಯಮ. ಭಾರತದ ಬಹುಭಾಗದಲ್ಲಿ ಮದುವೆಯಿಂದ ಗಂಡಹೆಂಡಿರ ಆಸ್ತಿ ಒಂದಾಗುವುದಿಲ್ಲ, ಸಾಲವೂ ಒಂದಾಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನಂತೆ ಹೆಣ್ಣುಮಗಳ ಆಸ್ತಿ ಅವಳ ಸ್ವಂತದ್ದು. ಅವಳ ಸ್ತ್ರೀಧನದ ಮೇಲೆ ಗಂಡನ ಸಾಲಗಾರರಿಗೆ ಹಕ್ಕಿಲ್ಲ. ಅದೇ ನ್ಯಾಯದಿಂದ ಅವಳು ಒಬ್ಬಳೇ ಮಾಡಿದ ಸಾಲಕ್ಕೆ ಗಂಡ ಹೊಣೆಯಲ್ಲ. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಉಳಿದುಬಂದಿರುವ ಗೋವೆಯಲ್ಲಿ ಮಾತ್ರ, ಬೇರೆ ಕರಾರು ಮಾಡಿಕೊಳ್ಳದ ದಂಪತಿಗಳ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದಾಗುತ್ತದೆ. ಆ ಸಂಹಿತೆಗೆ ಒಳಪಟ್ಟವರ ಲೆಕ್ಕ ಬೇರೆ.

ಹಾಗಾದರೆ ಹೆಂಡತಿಯ ದಿವಾಳಿತನ ಸೈನಿಕನನ್ನು ಮುಟ್ಟುವುದು ಹೇಗೆ? ಮುಟ್ಟುವುದು ಮದುವೆಯ ದಾರಿಯಿಂದಲ್ಲ, ಸಹಿಯ ದಾರಿಯಿಂದ. ಇದನ್ನು ಒಂದು ಕಲ್ಪಿತ ಕುಟುಂಬದ ಮೂಲಕ ನೋಡಬಹುದು. ಗಂಡ ಹವಾಲ್ದಾರ. ಮಾವ ನಿವೃತ್ತ ಸೈನಿಕ, ಪಿಂಚಣಿದಾರ. ಸೊಸೆ ಊರಿನ ಸಂತೆಪೇಟೆಯಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟು ಸಿದ್ಧ ಉಡುಪಿನ ಅಂಗಡಿ ತೆರೆದಳು. ಎರಡು ವರ್ಷ ನಡೆಯಿತು, ಮೂರನೆಯ ವರ್ಷ ನಿಂತಿತು. ಉಳಿದದ್ದು ನಾಲ್ಕು ಸಾಲ: ಬ್ಯಾಂಕಿನ ಮುದ್ರಾ ಸಾಲ 3 ಲಕ್ಷ, ಅವಳೊಬ್ಬಳ ಹೆಸರಿನಲ್ಲಿ, ಪತಸಂಸ್ಥೆಯ ಸಾಲ 2 ಲಕ್ಷ, ಗಂಡನ ಜಾಮೀನಿನ ಮೇಲೆ, ಇಬ್ಬರ ಹೆಸರಿನಲ್ಲಿ ಮಾಡಿದ ಮನೆಯ ಸಾಲ 12 ಲಕ್ಷ, ಸಾವುಕಾರನ ಕೈಸಾಲ 1 ಲಕ್ಷ, ಅವಳು ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿನ ಮೇಲೆ ಮತ್ತು ಮಾವನ ಪಿಂಚಣಿ ಖಾತೆಯ ಎ.ಟಿ.ಎಂ. ಕಾರ್ಡಿನ ಮೇಲೆ. ಒಂದೇ ಮನೆಯ ನಾಲ್ಕು ಸಾಲಗಳಿಗೆ ಕಾನೂನು ನಾಲ್ಕು ಬೇರೆ ಉತ್ತರಗಳನ್ನು ಕೊಡುತ್ತದೆ.

ನಾಲ್ಕು ಸಾಲ, ನಾಲ್ಕು ಉತ್ತರ

ಮೊದಲನೆಯದು ಅವಳೊಬ್ಬಳ ಸಾಲ. ಬ್ಯಾಂಕು ದಾವೆ ಹೂಡಿ ಡಿಕ್ರಿ ಪಡೆದರೂ ಅದರ ಅಮಲು ಅವಳ ಆಸ್ತಿಗೆ ಸೀಮಿತ. ಅಂಗಡಿಯ ಮಾಲು, ಅವಳ ಖಾತೆಯ ಹಣ, ಅವಳ ಹೆಸರಿನ ಠೇವಣಿ ಜಪ್ತಿಗೆ ಸಿಗುತ್ತವೆ. ಆದರೆ 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಕೆಲವನ್ನು ಹೊರಗಿಟ್ಟಿದೆ: ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಣ್ಣು ಮೈಮೇಲಿಂದ ತೆಗೆಯಲಾಗದ ಆಭರಣ, ಎಂದರೆ ತಾಳಿಯಂಥವು, ಕುಶಲಕರ್ಮಿಯ ಉಪಕರಣ, ಒಕ್ಕಲಿಗನ ಬೇಸಾಯದ ಸಲಕರಣೆ, ಎತ್ತು, ಬಿತ್ತನೆಯ ಕಾಳು. ಸ್ವತಃ ಹೊಲಿದು ಬದುಕುವವಳ ಹೊಲಿಗೆ ಯಂತ್ರವನ್ನು ಕುಶಲಕರ್ಮಿಯ ಉಪಕರಣವೆಂದು ವಾದಿಸಲು ಅವಕಾಶವಿದೆ. ಅದೇ ಸಂಹಿತೆಯ 56ನೆಯ ಕಲಮಿನಂತೆ ಹಣದ ಡಿಕ್ರಿಯ ಅಮಲಿನಲ್ಲಿ ಯಾವ ಹೆಂಗಸನ್ನೂ ಬಂಧಿಸಿ ದಿವಾಣಿ ಕಾರಾಗೃಹದಲ್ಲಿಡುವಂತಿಲ್ಲ. ವಸೂಲಿಗೆ ಬಂದವನು ಜೈಲಿಗೆ ಹಾಕಿಸುತ್ತೇನೆಂದು ಬೆದರಿಸಿದಾಗ ನೆನಪಿಡಬೇಕಾದ ಕಲಮು ಇದು.

ಎರಡನೆಯದು ಜಾಮೀನಿನ ಸಾಲ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ರಜೆಯಲ್ಲಿ ಬಂದಾಗ ಪತಸಂಸ್ಥೆಯ ಮೇಜಿನ ಮುಂದೆ ನಿಂತು ಗಡಿಬಿಡಿಯಲ್ಲಿ ಹಾಕಿದ ಸಹಿಯಿಂದ ಆ 2 ಲಕ್ಷ ಹವಾಲ್ದಾರನದೇ ಸಾಲವಾಯಿತು. ಪತಸಂಸ್ಥೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ 1960ರ ಕಾಯಿದೆಯ 101ನೆಯ ಕಲಮಿನಡಿ ನಿಬಂಧಕರಿಂದ ವಸೂಲಿ ದಾಖಲೆ ಪಡೆದು ಜಮೀನು ಕಂದಾಯದ ಬಾಕಿಯಂತೆ ವಸೂಲು ಮಾಡಬಹುದು.

ಇಲ್ಲಿಯೇ ಸೈನಿಕನ ಕಾವಲು ಕೆಲಸಕ್ಕೆ ಬರುವುದು. 1950ರ ಸೇನಾ ಕಾಯಿದೆಯ 28ನೆಯ ಕಲಮಿನ ಮೇರೆಗೆ ಸೈನಿಕನ ಸಂಬಳ, ಭತ್ಯೆಗಳ ಯಾವ ಭಾಗವನ್ನೂ ದಿವಾಣಿ ನ್ಯಾಯಾಲಯವಾಗಲಿ ಕಂದಾಯ ನ್ಯಾಯಾಲಯವಾಗಲಿ ಕಂದಾಯ ಅಧಿಕಾರಿಯಾಗಲಿ ಜಪ್ತಿ ಮಾಡುವಂತಿಲ್ಲ. 29ನೆಯ ಕಲಮಿನಂತೆ ಸೇವೆಯಲ್ಲಿರುವವರೆಗೆ ಸಾಲಕ್ಕಾಗಿ ಅವನನ್ನು ಬಂಧಿಸುವಂತಿಲ್ಲ. ದಿವಾಣಿ ಸಂಹಿತೆಯ 60ನೆಯ ಕಲಮು ಭೂಸೇನೆ, ವಾಯುಸೇನೆ, ನೌಕಾಸೇನೆಗಳ ಕಾಯಿದೆಗೆ ಒಳಪಟ್ಟ ಎಲ್ಲರ ಸಂಬಳಕ್ಕೂ ಈ ವಿನಾಯಿತಿ ಕೊಟ್ಟಿದೆ. ದಂಡಿನ ಪ್ರದೇಶದಲ್ಲಿ ದುಡಿದರೂ ಈ ಮೂರು ಕಾಯಿದೆಗಳಿಗೆ ಒಳಪಡದ ನಾಗರಿಕ ನೌಕರನಿಗೆ ಇಷ್ಟು ರಕ್ಷಣೆಯಿಲ್ಲ. ಜೀವನಾಂಶವಲ್ಲದ ಡಿಕ್ರಿಗಳಲ್ಲಿ ಅವನ ಸಂಬಳದ ಮೊದಲ 1000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮಾತ್ರ ಜಪ್ತಿಯಿಂದ ಪಾರು.

ಆದರೆ ಈ ಕಾವಲಿನ ಆಚೆಗೆ ಇರುವುದೇನೆಂದೂ ತಿಳಿದಿರಬೇಕು. ಹವಾಲ್ದಾರನ ಹೆಸರಿನ ಪ್ಲಾಟು, ಸಾತಬಾರಾದಲ್ಲಿ ಅವನ ಪಾಲಿಗೆ ಬಂದ ಜಮೀನು, ಅವನ ಮೋಟಾರು ಬೈಕು, ಇವೆಲ್ಲ ಜಾಮೀನಿನ ಸಾಲಕ್ಕೆ ಸಿಗುತ್ತವೆ. ಅವನೇ ಒಪ್ಪಿ ಸಹಿ ಮಾಡಿದ ಆಜ್ಞೆಯಂತೆ ಪ್ರತಿ ತಿಂಗಳು ಖಾತೆಯಿಂದ ಕಡಿತವಾಗುವ ಕಂತು ಜಪ್ತಿಯಲ್ಲ. ಅದು ಅವನ ಸಮ್ಮತಿ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಸಂಬಳದ ಖಾತೆಯೂ ಇದ್ದು, ಸಾಲಕ್ಕೆ ಅವನ ಸಹಿಯೂ ಬಿದ್ದಿದ್ದರೆ, ಖಾತೆಯ ಹಣವನ್ನು ಸಾಲಕ್ಕೆ ವಜಾ ಹಾಕಿಕೊಳ್ಳುವ ಹಕ್ಕನ್ನು ಬ್ಯಾಂಕು ಮುಂದಿಡುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಸಂಬಳ ಸೈನಿಕನ ಕೈಯಲ್ಲಿರುವವರೆಗೆ ಸಂಬಳ. ಅದೇ ಹಣ ಹೆಂಡತಿಯ ಸ್ವಂತ ಖಾತೆಗೆ ಮನೆಖರ್ಚಿಗೆಂದು ಬಂದು ಬಿದ್ದ ಮೇಲೆ ಅವಳ ಸಾಲಗಾರರ ಕಣ್ಣಿಗೆ ಅದು ಅವಳ ಹಣ. ಅಲ್ಲವೆಂದು ಸಾಧಿಸುವ ಭಾರ ಮನೆಯವರ ಮೇಲೆ ಬೀಳುತ್ತದೆ. ವ್ಯಾಪಾರದ ಖಾತೆಗೂ ಮನೆಖರ್ಚಿನ ಖಾತೆಗೂ ನಡುವೆ ಗೋಡೆ ಇರಬೇಕೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ.

ಮೂರನೆಯದು ಮನೆಯ ಸಾಲ. ಮನೆ ಅಡವಾಗಿದೆ, ಅಡವಿನ ಸಾಲಕ್ಕೆ ಸೇನಾ ಕಾಯಿದೆಯ ಕವಚ ಅಡ್ಡ ಬರುವುದಿಲ್ಲ. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಅಡವಿನ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಬೇಸಾಯದ ಜಮೀನಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ; ಮನೆಗೆ ಅನ್ವಯಿಸುತ್ತದೆ. ಸಾಲಕ್ಕೆ ಹೆಂಡತಿಯ ಹೆಸರನ್ನು ಹೆಚ್ಚಾಗಿ ಸಹಸಾಲಗಾರಳೆಂದು ಸೇರಿಸುತ್ತಾರೆ. ಅವಳು ದಿವಾಳಿಯಾದರೂ ಗಂಡ ಪೂರ್ತಿ ಕಂತನ್ನು ಕಟ್ಟುತ್ತ ಹೋಗಲೇಬೇಕು. ಅರ್ಧ ಸಾಲ ನನ್ನದು, ಅರ್ಧ ಅವಳದು ಎಂಬ ಲೆಕ್ಕ ಅಲ್ಲಿ ನಡೆಯದು. ನೋಟೀಸು ಕೈಗೆ ಬಂದ ಆ 60 ದಿನಗಳೇ ಬ್ಯಾಂಕಿನೊಡನೆ ಮಾತನಾಡಲು ಉಳಿದಿರುವ ಬೆಲೆಯುಳ್ಳ ಕಾಲ. ಗಂಡನಿಗೆ ಚಿಂತೆಯಾದೀತೆಂದು ಆ ಲಕೋಟೆಯನ್ನು ಟ್ರಂಕಿನೊಳಗೆ ಬಚ್ಚಿಟ್ಟರೆ ಮನೆ ಉಳಿಯುವುದಿಲ್ಲ.

ನಾಲ್ಕನೆಯದು ಸಾವುಕಾರನ ಸಾಲ. ಅತ್ಯಂತ ಚಿಕ್ಕ ಮೊತ್ತ, ಅತ್ಯಂತ ದೊಡ್ಡ ಭಯ. ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಪಿಂಚಣಿಯ ಕಾರ್ಡನ್ನು ಒತ್ತೆಯಿಡುವುದು ಕಾನೂನಿನ ಕಣ್ಣಿನಲ್ಲಿ ಬೆಲೆಯಿಲ್ಲದ ವ್ಯವಹಾರ. 1871ರ ಪಿಂಚಣಿ ಕಾಯಿದೆಯ 11ನೆಯ ಕಲಮಿನಂತೆ ಸರ್ಕಾರಿ ಪಿಂಚಣಿಯನ್ನು ಸಾಲಗಾರರ ಬೇಡಿಕೆಯ ಮೇಲೆ ಜಪ್ತಿ ಮಾಡುವಂತಿಲ್ಲ. 12ನೆಯ ಕಲಮಿನಂತೆ ಮುಂದೆ ಬರಲಿರುವ ಪಿಂಚಣಿಯನ್ನು ಮುಂಗಡವಾಗಿ ಬರೆದುಕೊಟ್ಟ ಕರಾರು ಅಸಿಂಧು. ಪಿಂಚಣಿ ಮತ್ತು ಗ್ರ್ಯಾಚುಯಿಟಿಯ ಹಣ ಬ್ಯಾಂಕಿನ ಠೇವಣಿಯ ರೂಪ ತಾಳಿದ ಮಾತ್ರಕ್ಕೆ ತನ್ನ ಗುಣವನ್ನು ಕಳೆದುಕೊಳ್ಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಮಾವ ಬ್ಯಾಂಕಿಗೆ ಹೋಗಿ ಆ ಕಾರ್ಡನ್ನು ರದ್ದುಪಡಿಸಿ ಹೊಸದನ್ನು ಪಡೆದರೆ ಸಾವುಕಾರನಿಗೆ ಮಾಡಲು ಏನೂ ಉಳಿಯುವುದಿಲ್ಲ. ಪರವಾನಗಿಯಿಲ್ಲದೆ ಬಡ್ಡಿ ವ್ಯವಹಾರ ನಡೆಸುವುದು ಮಹಾರಾಷ್ಟ್ರದ 2014ರ ಸಾವಕಾರಿ ನಿಯಂತ್ರಣ ಕಾಯಿದೆಯಡಿ ಅಪರಾಧ. ಸಾಲದ ನೆವದಲ್ಲಿ ಬರೆಯಿಸಿಕೊಂಡ ಜಮೀನನ್ನು ವಿಚಾರಣೆ ನಡೆಸಿ ಹಿಂದಿರುಗಿಸುವ ಅಧಿಕಾರವನ್ನು ಆ ಕಾಯಿದೆ ಸಹಕಾರ ಇಲಾಖೆಯ ಜಿಲ್ಲಾ ಅಧಿಕಾರಿಗೆ ಕೊಟ್ಟಿದೆ.

ಖಾಲಿ ಚೆಕ್ಕಿನ ಮಾತು ಬೇರೆ. ಚೆಕ್ಕು ತಿರಸ್ಕೃತವಾಗಿ ಕಾನೂನಿನಂತೆ ನೋಟೀಸು ಬಂದ ಮೇಲೂ ಹಣ ಕಟ್ಟದಿದ್ದರೆ 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯ 138ನೆಯ ಕಲಮಿನಡಿ ಅದು ಫೌಜದಾರಿ ಪ್ರಕರಣ. ಎರಡು ವರ್ಷದವರೆಗೆ ಶಿಕ್ಷೆ, ಇಲ್ಲವೆ ಚೆಕ್ಕಿನ ಮೊತ್ತದ ಇಮ್ಮಡಿಯವರೆಗೆ ದಂಡ, ಇಲ್ಲವೆ ಎರಡೂ. ಹೆಂಗಸೆಂಬ ವಿನಾಯಿತಿಯಾಗಲಿ ಸೈನಿಕನೆಂಬ ವಿನಾಯಿತಿಯಾಗಲಿ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಆ ವಿನಾಯಿತಿಗಳು ದಿವಾಣಿ ಸಾಲಕ್ಕೆ ಸಂಬಂಧಿಸಿದವು. 17 ಲಕ್ಷದ ಉಳಿದ ವ್ಯವಹಾರಕ್ಕಿಂತ ಒಂದು ಚೆಕ್ಕಿನ ಹಾಳೆ ಹೆಚ್ಚು ಅಪಾಯ ತರಬಹುದೆಂಬುದನ್ನು ಸಹಿ ಹಾಕುವ ಮೊದಲೇ ತಿಳಿದಿರಬೇಕು.

ದಿವಾಳಿ ಅರ್ಜಿ ಎಂದರೆ

ದಿವಾಳಿ ತೆಗೆದ ಎಂದು ಊರು ಆಡಿಕೊಳ್ಳುವುದಕ್ಕೂ ನ್ಯಾಯಾಲಯ ಒಬ್ಬರನ್ನು ದಿವಾಳಿಯೆಂದು ಘೋಷಿಸುವುದಕ್ಕೂ ಬಹಳ ಅಂತರವಿದೆ. ಮುಂಬಯಿ, ಕೋಲ್ಕತಾ, ಚೆನ್ನೈ ನಗರಗಳಿಗೆ 1909ರ ಕಾಯಿದೆ. ಉಳಿದ ಪ್ರದೇಶಗಳಿಗೆ 1920ರ ಪ್ರಾಂತೀಯ ದಿವಾಳಿತನ ಕಾಯಿದೆ. ವ್ಯಕ್ತಿಗಳ ದಿವಾಳಿತನಕ್ಕೆ 2016ರ ಹೊಸ ಸಂಹಿತೆಯಲ್ಲಿ ಪ್ರತ್ಯೇಕ ಭಾಗವೇ ಇದ್ದರೂ ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳಿಗೆ ಮಾತ್ರ, 2019ರ ಡಿಸೆಂಬರ್ 1ರಿಂದ. ಹಳ್ಳಿಯ ಉಡುಪಿನ ಅಂಗಡಿಗೆ ಅನ್ವಯಿಸುವುದು ನೂರು ವರ್ಷ ದಾಟಿದ ಹಳೆಯ ಕಾಯಿದೆಯೇ. ಅದರಲ್ಲಿ ಅರ್ಜಿ ಹಾಕಲು ಸಾಲ 500 ರೂಪಾಯಿ ಮುಟ್ಟಿದರೂ ಸಾಕು. ಕಾಯಿದೆಯ ವಯಸ್ಸನ್ನು ಆ ಮೊತ್ತವೇ ಹೇಳುತ್ತದೆ.

ಅರ್ಜಿ ಜಿಲ್ಲಾ ನ್ಯಾಯಾಲಯದ ಮುಂದೆ ಹೋಗುತ್ತದೆ. ಘೋಷಣೆಯಾದೊಡನೆ ಅರ್ಜಿದಾರಳ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗಿ ಸಾಲಗಾರರಿಗೆ ಹಂಚಿಕೆಯಾಗುತ್ತದೆ. 60ನೆಯ ಕಲಮಿನ ವಿನಾಯಿತಿ ಪಡೆದ ವಸ್ತುಗಳು ಅವಳಲ್ಲಿಯೇ ಉಳಿಯುತ್ತವೆ. ಬಿಡುಗಡೆಯ ಆದೇಶ ಸಿಗುವವರೆಗೆ ಹೊಸದಾಗಿ ಅವಳಿಗೆ ಬಂದ ಆಸ್ತಿಯೂ ರಿಸೀವರನಿಗೆ ಸೇರುತ್ತದೆ. ತವರಿನ ಆಸ್ತಿಯಲ್ಲಿ ಪಾಲು ಬರುವುದಿದ್ದರೆ ಅದೂ ಸಹ.

ಸೈನಿಕನ ಕುಟುಂಬಕ್ಕೆ ಇದರಿಂದ ಮೂರು ಪರಿಣಾಮಗಳಿವೆ. ಮೊದಲನೆಯದು, ಹೆಂಡತಿಗೆ ಸಿಕ್ಕ ಬಿಡುಗಡೆ ಗಂಡನಿಗೆ ಸಿಗುವುದಿಲ್ಲ. 44ನೆಯ ಕಲಮು ಸ್ಪಷ್ಟವಾಗಿದೆ: ದಿವಾಳಿಯ ಬಿಡುಗಡೆಯಿಂದ ಜಾಮೀನುದಾರನೂ ಜೊತೆಗೆ ಕಟ್ಟುಬಿದ್ದವನೂ ಮುಕ್ತರಾಗುವುದಿಲ್ಲ. ಹೀಗಾಗಿ ಅವಳ ಅರ್ಜಿಯ ಮರುದಿನದಿಂದ ಪತಸಂಸ್ಥೆಯೂ ಗೃಹಸಾಲದ ಬ್ಯಾಂಕೂ ಗಂಡನ ಕಡೆಗೇ ತಿರುಗುತ್ತವೆ. ಎರಡನೆಯದು, ಅರ್ಜಿಯ ಮೊದಲು ಪ್ಲಾಟನ್ನೋ ಚಿನ್ನವನ್ನೋ ಗಂಡನ ಹೆಸರಿಗೆ ಮಾಡಿಬಿಟ್ಟರೆ ಉಳಿಯಿತು ಎಂಬ ಊರಿನ ಬುದ್ಧಿವಾದ ನಡೆಯುವುದಿಲ್ಲ. ತಕ್ಕ ಬೆಲೆಯಿಲ್ಲದೆ ಮಾಡಿದ ವರ್ಗಾವಣೆಯನ್ನು, ಅದಾದ ಎರಡು ವರ್ಷಗಳೊಳಗೆ ದಿವಾಳಿ ಅರ್ಜಿ ಬಂದು ಘೋಷಣೆಯಾದರೆ, 53ನೆಯ ಕಲಮಿನಡಿ ರದ್ದುಪಡಿಸಬಹುದು. ಆಗ ಗಂಡನ ಪ್ರಾಮಾಣಿಕತೆಯೂ ಪ್ರಶ್ನೆಗೊಳಗಾಗುತ್ತದೆ. ಮೂರನೆಯದು, 73ನೆಯ ಕಲಮಿನಂತೆ ದಿವಾಳಿ ವ್ಯಕ್ತಿ ಸ್ಥಳೀಯ ಸಂಸ್ಥೆಗಳ ಸದಸ್ಯತ್ವಕ್ಕೆ ಅನರ್ಹ. ಗ್ರಾಮಪಂಚಾಯತಿಯಲ್ಲಿ ಸದಸ್ಯಳಾಗಿರುವ ಸೈನಿಕನ ಹೆಂಡತಿ ಅಂಗಡಿಯೊಡನೆ ಆ ಸ್ಥಾನವನ್ನೂ ಕಳೆದುಕೊಳ್ಳಬಹುದು.

ಸೈನಿಕನೇ ಸೋತರೆ

ವ್ಯವಹಾರ ಮುಳುಗುವುದು ಯಾವಾಗಲೂ ಹೆಂಡತಿಯದೇ ಅಲ್ಲ. ಗೆಳೆಯನೊಡನೆ ಲಾರಿಗೆ ಹಣ ಹಾಕಿದ ಸೈನಿಕ, ಬೇಗ ಇಮ್ಮಡಿಯಾಗುತ್ತದೆಂದು ನಂಬಿ ದುಡ್ಡು ಹೂಡಿದ ಸೈನಿಕ, ತಂಗಿಯ ಮದುವೆಗೆ ಎರಡು ಕಡೆ ಸಾಲ ಮಾಡಿದ ಸೈನಿಕ, ಇವರೂ ಉಂಟು. ಆಗ ಹೆಂಡತಿಯ ಸ್ತ್ರೀಧನ, ಅವಳ ಸ್ವಂತ ದುಡಿಮೆ, ಅವಳ ಹೆಸರಿನ ಆಸ್ತಿ ಸುರಕ್ಷಿತ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯ 6ನೆಯ ಕಲಮು ಇನ್ನೊಂದು ದಾರಿಯನ್ನು ತೋರಿಸುತ್ತದೆ. ವಿವಾಹಿತ ಪುರುಷ ತನ್ನ ಜೀವವಿಮೆಯನ್ನು ಹೆಂಡತಿ ಮಕ್ಕಳ ಹಿತಕ್ಕೆಂದು ಪಾಲಿಸಿಯ ಮೇಲೆಯೇ ನಮೂದಿಸಿ ತೆಗೆಸಿದರೆ, ಆ ಹಣ ಅವರ ಪಾಲಿನ ನ್ಯಾಸವಾಗುತ್ತದೆ. ಗಂಡನ ಸಾಲಗಾರರು ಅದನ್ನು ಮುಟ್ಟುವಂತಿಲ್ಲ. ಸಾಲಗಾರರನ್ನು ವಂಚಿಸಲೆಂದೇ ತೆಗೆದ ಪಾಲಿಸಿಗೆ ಈ ರಕ್ಷಣೆಯಿಲ್ಲ. ಅರ್ಜಿ ತುಂಬುವಾಗ ಒಂದು ಹೆಚ್ಚಿನ ನಮೂನೆಗೆ ಸಹಿ ಹಾಕಿದರೆ ಸಾಕಾಗುವ ಈ ಅನುಕೂಲವನ್ನು ಪಡೆಯುವವರು ಕಡಿಮೆ.

ಸೈನಿಕನ ಸಾಲ ಅವನ ಪಾಳೆಯದಲ್ಲಿಯೂ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಸಾಲಗಾರರ ಪತ್ರ ಕಮಾಂಡಿಂಗ್ ಅಧಿಕಾರಿಯ ಮೇಜಿಗೆ ಬಂದರೆ ಅದು ಶಿಸ್ತಿನ ಪ್ರಶ್ನೆಯಾಗಬಲ್ಲದು. ಅಧಿಕಾರಿಗಳೂ ಕಿರಿಯ ಆಯುಕ್ತಾಧಿಕಾರಿಗಳೂ ತಮ್ಮ ಸ್ಥಾನಕ್ಕೆ ತಕ್ಕುದಲ್ಲದ ನಡತೆಗಾಗಿ ಸೇನಾ ಕಾಯಿದೆಯ 45ನೆಯ ಕಲಮಿನಡಿ ಉತ್ತರ ಹೇಳಬೇಕಾದೀತು. ಇನ್ನೊಂದು ಅಂಶ ಗಮನಾರ್ಹ. ಹೊರಗಿನ ಸಾಲಗಾರನಿಗೆ ಮುಚ್ಚಿರುವ ಸಂಬಳದ ಬಾಗಿಲು ಹೆಂಡತಿ ಮಕ್ಕಳಿಗೆ ಮುಚ್ಚಿಲ್ಲ. ಸೈನಿಕ ಅವರನ್ನು ಕಡೆಗಣಿಸಿದರೆ ಜೀವನಾಂಶಕ್ಕೆಂದು ಸಂಬಳದಿಂದ ಕಡಿತ ಮಾಡಲು ಅದೇ ಕಾಯಿದೆಯ 90 ಮತ್ತು 91ನೆಯ ಕಲಮುಗಳು ಸೇನಾ ಅಧಿಕಾರಿಗಳಿಗೆ ಅವಕಾಶ ಕೊಟ್ಟಿವೆ. ಹೆಂಡತಿ ಮಕ್ಕಳ ಅನ್ನ ಸಾವುಕಾರನ ಬಡ್ಡಿಗಿಂತ ಮೊದಲನೆಯ ಋಣ ಎಂಬ ವಿವೇಕ ಆ ಕಲಮುಗಳಲ್ಲಿದೆ.

ಸಾಲದ ನಡುವೆಯೇ ಸೈನಿಕ ತೀರಿಕೊಂಡರೆ? ಮೃತನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನಿಂದ ಅವರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಕುಟುಂಬ ಪಿಂಚಣಿ ಮೃತನ ಆಸ್ತಿಯ ಭಾಗವಲ್ಲ. ಅದು ವಿಧವೆಯ ಸ್ವಂತ ಹಕ್ಕು. ತಿಥಿಯ ಊಟದ ಹೊತ್ತಿಗೆ ಬಂದು ನಿಮ್ಮ ಯಜಮಾನರು ಕೊಡಬೇಕಾಗಿತ್ತು ಎಂದು ಹೇಳಿ ಹೊಸ ಕಾಗದಕ್ಕೆ ಸಹಿ ಕೇಳುವವನಿಗೆ ಅವಳು ಸಹಿ ಹಾಕಬಾರದು. ಹಳೆಯ ಸಾಲ ಅವಳದಾಗಿರಲಿಲ್ಲ. ಹೊಸ ಸಹಿಯಿಂದ ಅದು ಅವಳದಾಗುತ್ತದೆ.

ಈ ರಕ್ಷಣೆ ಯಾರಿಗಾಗಿ?

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸೈನಿಕನ ಸಂಬಳಕ್ಕೂ ದೇಹಕ್ಕೂ ಕಾನೂನು ಕಟ್ಟಿದ ಬೇಲಿ ಸಾಲಗಾರನ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. ಅಮೀನನ ವಾರಂಟು ಸೈನಿಕನನ್ನು ಕಾವಲಿನ ಜಾಗದಿಂದ ಎಳೆದು ತರಬಾರದು, ಶಸ್ತ್ರ ಜಪ್ತಿಯಾಗಬಾರದು ಎಂಬುದು ರಾಜ್ಯದ ಅಗತ್ಯ. 28ನೆಯ ಕಲಮಿನಲ್ಲಿ ಶಸ್ತ್ರ, ಸಮವಸ್ತ್ರ, ಕರ್ತವ್ಯಕ್ಕೆ ಬಳಸುವ ಪ್ರಾಣಿ ಮತ್ತು ಸಂಬಳ ಒಂದೇ ಸಾಲಿನಲ್ಲಿ ಬಂದಿರುವುದು ಆಕಸ್ಮಿಕವಲ್ಲ. ಕಾನೂನು ಕಾಪಾಡುವುದು ಸೈನ್ಯವನ್ನು. ಊರಿನಲ್ಲಿ ಒಬ್ಬಳೇ ಮಕ್ಕಳನ್ನು, ಮುದುಕರನ್ನು, ಹೊಲವನ್ನು, ಅಂಗಡಿಯನ್ನು ನೋಡಿಕೊಂಡು ಅವನನ್ನು ನಿಶ್ಚಿಂತನನ್ನಾಗಿ ಇರಿಸಿದವಳು ಆ ಬೇಲಿಯ ಹೊರಗೆ ನಿಂತಿದ್ದಾಳೆ. ಯುದ್ಧಕಾಲದಲ್ಲಿ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಮೇಲಿನ ದಾವೆಯನ್ನು ತಡೆಹಿಡಿಯಲು 1925ರ ಸೈನಿಕರ ದಾವೆಗಳ ಕಾಯಿದೆ ಇದೆ. ಅವನ ಹೆಂಡತಿಯ ಮೇಲೆ ಅದೇ ವೇಳೆ ಹೂಡಿದ ದಾವೆ ತನ್ನ ಪಾಡಿಗೆ ನಡೆಯುತ್ತದೆ.

ಸಾಲ ಕೊಡುವವರ ಲೆಕ್ಕವಾದರೋ ತಿರುಗುಮುರುಗು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಜರ್ವ್ ಬ್ಯಾಂಕಿನ ಕಿರುಸಾಲದ ನಿಯಮಗಳಲ್ಲಿ ಗಂಡ, ಹೆಂಡತಿ, ಅವಿವಾಹಿತ ಮಕ್ಕಳು ಸೇರಿ ಒಂದು ಕುಟುಂಬ. ಅವರ ಒಟ್ಟು ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದಿದ್ದರೆ ಅದು ಕಿರುಸಾಲ. ಎಲ್ಲ ಸಾಲಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸೈನಿಕನ ಸಂಬಳವನ್ನು ಸೇರಿಸಿ ಎಣಿಸಿದರೆ ಎಷ್ಟೋ ಮನೆಗಳು ಆ ಮಿತಿಯನ್ನು ದಾಟುತ್ತವೆ. ಬಚತಗಟದ ಹೆಸರಿನಲ್ಲಿ ಗುಂಪುಸಾಲ ಕೊಡುವಾಗ ಆ ಸಂಬಳವನ್ನು ಕಾಗದದ ಮೇಲೆ ಬಿಟ್ಟು, ವಸೂಲಿಗೆ ಬಂದಾಗ ನಿಮ್ಮವರು ಫೌಜಿನಲ್ಲಿದ್ದಾರಲ್ಲ ಎಂದು ನೆನಪಿಸಿದರೆ ಅದು ನ್ಯಾಯವಲ್ಲ. ಬರೆಯಿಸಿದ ಆದಾಯ ಸುಳ್ಳಾದರೆ ಸಹಿ ಹಾಕಿದವಳಿಗೂ ಅದು ಒಳ್ಳೆಯದಲ್ಲ.

ಗಡಿಭಾಗದ ಕನ್ನಡದ ಮನೆಗಳಿಗೆ ಇನ್ನೊಂದು ಹೆಚ್ಚಿನ ತೊಡಕು ಇದೆ. ಸಾಲದ ಕಾಗದ ಇಂಗ್ಲಿಷಿನಲ್ಲಿ, ಪತಸಂಸ್ಥೆಯ ಕರಾರು ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತವಳು ತಾನು ಓದಲಾರದ ಸಾಲುಗಳ ಕೆಳಗೆ ಸಹಿ ಹಾಕುತ್ತಾಳೆ. ಕಿರುಸಾಲದ ಕರಾರು ಸಾಲಗಾರಳಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಆ ಹಕ್ಕನ್ನು ಕೇಳಬೇಕು. ಕೇಳಿದರೆ ಸಾಲ ಸಿಗಲಾರದೆಂಬ ಭಯವಿದ್ದರೆ, ಅಂಥ ಸಾಲವನ್ನು ಬಿಡುವುದೇ ಲೇಸು. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬಂಧುಬಳಗದವರನ್ನು ಪೀಡಿಸುವಂತಿಲ್ಲ. ಗಡಿಯಲ್ಲಿರುವ ಗಂಡನ ಫೋನಿಗೆ ಪದೇಪದೇ ಕರೆ ಮಾಡಿ ಹೆದರಿಸುವುದು ಆ ಪೀಡನೆಯೇ. ಸಂಸ್ಥೆ ದೂರಿಗೆ ಕಿವಿಗೊಡದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ಬರೆಯಬಹುದು.

ಕೈಗೆಟಕುವ ದಾರಿಗಳು

ದಿವಾಳಿ ಅರ್ಜಿ ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ಹಲವು ಮೆಟ್ಟಿಲುಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಹೆಂಗಸಿಗೂ ಉಚಿತ ವಕೀಲರ ನೆರವು ಹಕ್ಕಾಗಿ ಸಿಗುತ್ತದೆ. ತಾಲೂಕು ನ್ಯಾಯಾಲಯದ ಆವರಣದಲ್ಲಿಯೇ ಅದರ ಕಚೇರಿ ಇರುತ್ತದೆ. ಸೈನಿಕ ಕುಟುಂಬಗಳಿಗೆಂದೇ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರಲ್ಲಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಲೋಕ ಅದಾಲತಿನಲ್ಲಿ ಬ್ಯಾಂಕುಗಳು ಬಡ್ಡಿ ಬಿಟ್ಟು ಅಸಲಿಗೆ ಒಪ್ಪುವುದು ಅಪರೂಪವಲ್ಲ. ನಾಲ್ಕು ಸಾಲಗಳಲ್ಲಿ ಮೊದಲು ಚೆಕ್ಕಿನದನ್ನು, ಆಮೇಲೆ ಮನೆಯದನ್ನು, ಬಳಿಕ ಜಾಮೀನಿನದನ್ನು, ಕೊನೆಗೆ ಒಬ್ಬಳದೇ ಹೆಸರಿನದನ್ನು ಇತ್ಯರ್ಥ ಮಾಡಿಕೊಳ್ಳುವುದು ವಿವೇಕದ ಕ್ರಮ. ಸಾಮಾನ್ಯವಾಗಿ ನಡೆಯುವುದು ಬೇರೆಯೇ: ಹೆಚ್ಚು ಗದ್ದಲ ಮಾಡಿದವನಿಗೆ ಮೊದಲ ಹಣ.

ಸೈನಿಕನಿಗೂ ನ್ಯಾಯಾಲಯದಲ್ಲಿ ಎರಡು ಅನುಕೂಲಗಳಿವೆ. ದಾವೆಗಾಗಿ ರಜೆ ಪಡೆದಿದ್ದಾನೆಂಬ ಅಧಿಕಾರಿಯ ಪ್ರಮಾಣಪತ್ರವನ್ನು ಹಾಜರುಪಡಿಸಿದರೆ, ಸೇನಾ ಕಾಯಿದೆಯ 32ನೆಯ ಕಲಮಿನಂತೆ ನ್ಯಾಯಾಲಯ ಸಾಧ್ಯವಾದ ಮಟ್ಟಿಗೆ ಆ ರಜೆಯ ಅವಧಿಯೊಳಗೇ ಪ್ರಕರಣವನ್ನು ಮುಗಿಸಲು ಏರ್ಪಾಡು ಮಾಡಬೇಕು. ರಜೆಯೇ ಸಿಗದಿದ್ದರೆ, ದಿವಾಣಿ ಸಂಹಿತೆಯ 28ನೆಯ ಆದೇಶದಂತೆ ತನ್ನ ಪರವಾಗಿ ದಾವೆ ನಡೆಸಲು ಹೆಂಡತಿಗೋ ತಂದೆಗೋ ಕಮಾಂಡಿಂಗ್ ಅಧಿಕಾರಿಯ ಸಮಕ್ಷಮ ಅಧಿಕಾರ ಬರೆದುಕೊಡಬಹುದು.

ಎಲ್ಲಕ್ಕಿಂತ ಮೊದಲನೆಯ ಮೆಟ್ಟಿಲಿಗೆ ಕಾನೂನು ಬೇಕಾಗಿಲ್ಲ. ಜವಾನನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ, 30 ದಿನಗಳ ಸಾಂದರ್ಭಿಕ ರಜೆ. ಆ ದಿನಗಳು ಜಾತ್ರೆ, ಮದುವೆ, ಬಿತ್ತನೆಗಳಲ್ಲಿ ಕರಗಿಹೋಗುತ್ತವೆ. ಅವನು ನೋಯಬಾರದೆಂದು ಅವಳು ಸಾಲವನ್ನು ಮುಚ್ಚಿಡುತ್ತಾಳೆ. ಅವಳು ಹೆದರಬಾರದೆಂದು ಅವನು ತನ್ನದನ್ನು ಮುಚ್ಚಿಡುತ್ತಾನೆ. ಇಬ್ಬರ ಮೌನವೂ ಪ್ರೀತಿಯಿಂದಲೇ ಹುಟ್ಟಿದ್ದು, ಇಬ್ಬರನ್ನೂ ಮುಳುಗಿಸುವುದೂ ಅದೇ. ರಜೆಯ ಒಂದು ಸಂಜೆ ಇಬ್ಬರೂ ಕೂತು ಪಾಸ್‌ಬುಕ್ಕು, ಕರಾರು, ಜಾಮೀನು ಪತ್ರಗಳನ್ನು ಹರವಿ, ಯಾವ ಸಾಲಕ್ಕೆ ಯಾರ ಸಹಿ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ, ಆ ಹಾಳೆ ಸೇನಾ ಕಾಯಿದೆಯ ಯಾವ ಕಲಮಿಗಿಂತಲೂ ಕಡಿಮೆ ಕಾವಲಲ್ಲ.